ಹಿಮದೂರಿಗೆ ಹೊರಡುವ ಮುಂಚೆ ಬಾನೆಟ್ ಎತ್ತಿ ನೋಡಿ

ಡಿಸೆಂಬರ್ ಹತ್ತಿರ ಬಂತೆಂದರೆ ಬೆಂಗಳೂರಿನ ನಮ್ಮ ಮಾರೇನಹಳ್ಳಿಯ ಅಡ್ಡರಸ್ತೆಗಳಲ್ಲಿ ಕಾರಿನ ತಲೆಯ ಮೇಲೆ ಕ್ಯಾರಿಯರ್ ಕೂರುತ್ತದೆ, ಬೈಕಿನ ಎರಡು ಮಗ್ಗುಲಿಗೂ ಪೆಟ್ಟಿಗೆ ಬೀಳುತ್ತದೆ. ಹಿಂದೆ ಹಿಮಾಲಯದ ಕಡೆ ಗಾಡಿ ತಿರುಗಿಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾತಾಗಿತ್ತು. ಈಗ ನೀವು ಹಿಮ ಬೀಳುವುದನ್ನೇ ನೋಡಬೇಕೆಂದು ಹೊರಡುತ್ತೀರಿ. ಶಿಮ್ಲಾ, ಕಿನ್ನೌರ್ ದಾಟಿ ಸ್ಪಿತಿಯ ಕಾಝಾಕ್ಕೆ ಹೋಗುವವರಿದ್ದೀರಿ. 2020ರ ಅಕ್ಟೋಬರ್ 3ರಂದು ರೋಹ್ತಾಂಗ್ ಕೆಳಗಿನ ಅಟಲ್ ಸುರಂಗ ತೆರೆದ ಮೇಲೆ ಲಾಹೌಲ್ ಹತ್ತಿರವಾಯಿತು. 2025ರ ಜನವರಿಯಲ್ಲಿ ಸೋನಮರ್ಗ್ ಸುರಂಗವೂ ತೆರೆಯಿತು. ಹೋಗಿ ಬನ್ನಿ ಮಕ್ಕಳೇ, ಬೇಡ ಅನ್ನುವವನು ನಾನಲ್ಲ. ಕಾಲು ಗಟ್ಟಿಯಿದ್ದಾಗ ದೇಶ ನೋಡದೆ ಇನ್ಯಾವಾಗ ನೋಡುತ್ತೀರಿ? ಆದರೆ ಹೊರಡುವ ವಾರ ಸ್ವೆಟರ್, ಕೈಗವಸು, ಬೂಟು ಕೊಳ್ಳಲು ಊರೆಲ್ಲ ಸುತ್ತುವ ನೀವು, ಗಾಡಿಯ ಹೊಟ್ಟೆಯಲ್ಲಿರುವ ನೀರಿನ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಅದನ್ನು ಹೇಳಬೇಕೆಂದೇ ಕೂತಿದ್ದೇನೆ.

ನಾನು ಸೈನ್ಯದಲ್ಲಿ ಲಾರಿ ಓಡಿಸಿದವನು. ಇಲ್ಲೇ ಬೆಂಗಳೂರಿನ ಎ.ಎಸ್.ಸಿ. (ಆರ್ಮಿ ಸರ್ವಿಸ್ ಕೋರ್) ಸೆಂಟರ್‌ನಲ್ಲಿ ಸ್ಟೀರಿಂಗ್ ಹಿಡಿಯಲು ಕಲಿತು, ಝೋಜಿಲಾ ದಾಟಿ ದ್ರಾಸ್, ಕಾರ್ಗಿಲ್, ಲೇಹ್ ದಾರಿಯಲ್ಲಿ ಶಕ್ತಿಮಾನ್ ಲಾರಿಗಳ ಸಾಲಿನಲ್ಲಿ ಹೋದವನು. ನಿವೃತ್ತನಾದ ಮೇಲೆ ಮಾಗಡಿ ರಸ್ತೆಯ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡೆ. ಎರಡೂ ಕಡೆಯ ಗಾಡಿಗಳನ್ನು ನೋಡಿದ್ದರಿಂದ ಈ ಮಾತು ಹೇಳುವ ಧೈರ್ಯ.

ನಮ್ಮ ಊರಿನ ಹವೆ ನಮ್ಮನ್ನು ಮುದ್ದಾಗಿ ಸಾಕಿದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಅಂದಿನಿಂದ ಇಂದಿನವರೆಗೆ ಇಲ್ಲಿ ಯಾವ ರೇಡಿಯೇಟರಿನಲ್ಲೂ ನೀರು ಗಡ್ಡೆ ಕಟ್ಟಿಲ್ಲ. ಹಾಗಾಗಿ ನಮ್ಮ ಮೆಕ್ಯಾನಿಕ್ಕಿಗೂ ನಮಗೂ ಒಂದೇ ಅಭ್ಯಾಸ: ರಿಸರ್ವ್ ಬಾಟಲಿಯಲ್ಲಿ ಮಟ್ಟ ಇಳಿದಿದೆಯೇ, ಒಂದು ಚೊಂಬು ನೀರು ಹಾಕು. ಬೋರ್‌ವೆಲ್ ನೀರಾದರೂ ಸರಿ, ಕಾವೇರಿ ನೀರಾದರೂ ಸರಿ. ಇಲ್ಲಿ ಅದರಿಂದ ತಕ್ಷಣಕ್ಕೆ ಏನೂ ಆಗುವುದಿಲ್ಲ. ಹೆಚ್ಚೆಂದರೆ ವರ್ಷ ಕಳೆದ ಮೇಲೆ ಒಳಗೆ ಬಿಳಿ ಗಾರೆ ಕಟ್ಟುತ್ತದೆ. ಅದೇ ಗಾಡಿಯನ್ನು ಮೈನಸ್ 20ಕ್ಕೆ ಒಯ್ದು ಒಂದು ರಾತ್ರಿ ಬಯಲಲ್ಲಿ ನಿಲ್ಲಿಸಿ ನೋಡಿ. ದ್ರಾಸ್, ಕಾಝಾಗಳಲ್ಲಿ ಜನವರಿಯ ರಾತ್ರಿಗೆ ಮೈನಸ್ 20 ಅಪರೂಪವಲ್ಲ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಸಿಕ್ಕಿದಾಗ ಕನ್ನಡನಾಡಿನ ಮನೆಮನೆಗೂ ಆ ಚಳಿಯ ಸುದ್ದಿ ತಲುಪಿತ್ತು. ಅಲ್ಲಿನ ಚಳಿಗೆ ಮನುಷ್ಯ, ಲೋಹ ಎಂಬ ಭೇದವಿಲ್ಲ.

ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಫ್ರೀಜರಿನಲ್ಲಿ ಮರೆತುಬಿಟ್ಟ ಗಾಜಿನ ಬಾಟಲಿ ಬೆಳಗ್ಗೆ ಸೀಳಿಕೊಂಡಿರುತ್ತದಲ್ಲ, ಎಂಜಿನ್ ಬ್ಲಾಕಿಗೂ ಅದೇ ಗತಿ. ಎರಕದ ಕಬ್ಬಿಣ, ಅಲ್ಯೂಮಿನಿಯಂ ಯಾವುದೂ ಆ ಒತ್ತಡವನ್ನು ತಡೆಯುವುದಿಲ್ಲ. ಬ್ಲಾಕಿನ ಪಕ್ಕದಲ್ಲಿ ಬಟ್ಟಲಿನಾಕಾರದ ತಗಡಿನ ಮುಚ್ಚಳಗಳಿರುತ್ತವೆ, ಕೋರ್ ಪ್ಲಗ್ ಅನ್ನುತ್ತಾರೆ. ಮಂಜು ಕಟ್ಟಿದರೆ ಅವೇ ಹೊರಗೆ ಹಾರಿ ಎಂಜಿನ್ ಉಳಿಯುತ್ತದೆ ಎಂದು ಕೆಲವರು ಧೈರ್ಯ ಹೇಳುತ್ತಾರೆ. ನಂಬಬೇಡಿ. ಅವು ಇರುವುದು ಎರಕ ಹೊಯ್ಯುವಾಗಿನ ಮರಳು ತೆಗೆದ ತೂತು ಮುಚ್ಚಲು. ಒಮ್ಮೊಮ್ಮೆ ಹಾರುತ್ತವೆ, ಒಮ್ಮೊಮ್ಮೆ ಅವು ಭದ್ರವಾಗಿದ್ದು ಬ್ಲಾಕೇ ಬಿರಿಯುತ್ತದೆ. ಬಿರಿದದ್ದು ರಾತ್ರಿ ಗೊತ್ತಾಗುವುದಿಲ್ಲ. ಮಂಜು ಕರಗಿ ಹಸಿರು ನೀರು ನೆಲಕ್ಕೆ ತೊಟ್ಟಿಕ್ಕುವಾಗ ಗೊತ್ತಾಗುತ್ತದೆ. ಆಗ ನೀವು ಬೆಂಗಳೂರಿನಿಂದ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುತ್ತೀರಿ.

ಇದಕ್ಕೆ ಮದ್ದು ಎಥಿಲೀನ್ ಗ್ಲೈಕಾಲ್. ಕೂಲಂಟ್ ಎಂದು ನೀವು ಕೊಳ್ಳುವ ಬಣ್ಣದ ದ್ರವದ ಜೀವ ಅದೇ. ಅರ್ಧ ಗ್ಲೈಕಾಲ್, ಅರ್ಧ ನೀರು ಬೆರೆಸಿದರೆ ಸುಮಾರು ಮೈನಸ್ 37ರವರೆಗೆ ಗಟ್ಟಿಯಾಗುವುದಿಲ್ಲ. ಮೂರರಲ್ಲಿ ಒಂದು ಪಾಲು ಮಾತ್ರ ಗ್ಲೈಕಾಲ್ ಇದ್ದರೆ ಸುಮಾರು ಮೈನಸ್ 18ಕ್ಕೇ ಹರಳು ಕಟ್ಟಲು ಶುರು. ನೂರಕ್ಕೆ ಅರವತ್ತು ಹಾಕಿದರೆ ಮೈನಸ್ 50ರ ಆಚೆಗೂ ತಡೆಯುತ್ತದೆ. ಹಾಗಾದರೆ ಪೂರ್ತಿ ಗ್ಲೈಕಾಲನ್ನೇ ಸುರಿದುಬಿಡೋಣ ಅನ್ನಬೇಡಿ. ಬರೀ ಗ್ಲೈಕಾಲ್ ಮೈನಸ್ 13ರ ಸುಮಾರಿಗೇ ಗಟ್ಟಿಯಾಗುತ್ತದೆ. ನೀರು ಅದನ್ನು ಕಾಪಾಡುತ್ತದೆ, ಅದು ನೀರನ್ನು ಕಾಪಾಡುತ್ತದೆ. ಜೊತೆಗೆ ಶಾಖವನ್ನು ಹೊತ್ತೊಯ್ಯುವ ಶಕ್ತಿ ನೀರಿಗೇ ಹೆಚ್ಚು. ಅರ್ಧಕ್ಕರ್ಧ ಎಂಬ ಲೆಕ್ಕ ನಮ್ಮ ದೇಶದ ಯಾವ ದಾರಿಗೂ ಸಾಕು.

ಅಂಗಡಿಯಲ್ಲಿ ಕೊಳ್ಳುವಾಗ ಕಣ್ಣು ಡಬ್ಬದ ಹಿಂಭಾಗದ ಮೇಲಿರಲಿ. ಕೆಲವು ಡಬ್ಬ ಕಾನ್ಸಂಟ್ರೇಟ್, ನೀವು ನೀರು ಬೆರೆಸಬೇಕು. ಕೆಲವು ಮೊದಲೇ ಬೆರೆಸಿದ್ದು, ಹಾಗೇ ಸುರಿಯಬೇಕು. ನಮ್ಮ ಸೆಖೆಯ ಊರುಗಳಿಗೆಂದು ತಯಾರಾದ ಬೆರೆಸಿದ ಕೂಲಂಟಿನಲ್ಲಿ ಗ್ಲೈಕಾಲ್ ಕಡಿಮೆ ಇರಬಹುದು. ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಎಂದು ಬರೆದಿಲ್ಲದ ಡಬ್ಬವನ್ನು ಈ ಪ್ರಯಾಣಕ್ಕೆ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಬಣ್ಣ ನೋಡಿ ಜಾತಿ ಗುರುತಿಸಲೂ ಹೋಗಬೇಡಿ. ಬಣ್ಣ ಕಂಪನಿಯವರ ಇಷ್ಟ. ಒಳಗಿನ ತುಕ್ಕುನಿರೋಧಕ ರಾಸಾಯನಿಕಗಳು ಬೇರೆ ಬೇರೆ. ಒಂದಕ್ಕೊಂದು ಹೊಂದದ್ದನ್ನು ಬೆರೆಸಿದರೆ ಲೋಳೆಯಾಗಿ ಸಣ್ಣ ಕೊಳವೆಗಳನ್ನು ಕಟ್ಟುತ್ತದೆ. ಗಾಡಿಯ ಕೈಪಿಡಿಯಲ್ಲಿ ಯಾವುದೆಂದು ಬರೆದಿರುತ್ತದೆ, ಅದನ್ನೇ ಹಾಕಿ.

ಹಳೆಯದನ್ನು ಇಳಿಸಿ ಒಳಗೆ ತೊಳೆಸುವ ಕೆಲಸವನ್ನು ಹೊರಡುವ ಹಿಂದಿನ ದಿನ ಇಟ್ಟುಕೊಳ್ಳಬೇಡಿ, ಹತ್ತು ಹದಿನೈದು ದಿನ ಮೊದಲೇ ಮುಗಿಸಿ. ಯಾಕೆಂದರೆ ಗಾರೆ ಹೋದ ಮೇಲೆ ಅದು ಮುಚ್ಚಿಕೊಂಡಿದ್ದ ಸಣ್ಣ ತೂತು ಸೋರಲು ಶುರುವಾಗುತ್ತದೆ. ಅದು ಇಲ್ಲೇ ಸೋರಲಿ. ತೊಳೆಸುವಾಗ ಗ್ಯಾರೇಜಿನಲ್ಲಿ ನಿಂತು ನೋಡಿ. ತೊಳೆದ ನೀರು ಎಷ್ಟೇ ಇಳಿಸಿದರೂ ಬ್ಲಾಕಿನೊಳಗೆ, ಹೀಟರಿನೊಳಗೆ ಒಂದಷ್ಟು ಉಳಿದೇ ಇರುತ್ತದೆ. ಅದರ ಮೇಲೆ ಅರ್ಧಕ್ಕರ್ಧ ಬೆರೆಸಿದ್ದು ಸುರಿದರೆ ಒಟ್ಟು ಲೆಕ್ಕ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಇದನ್ನು ಎಷ್ಟೋ ಮಂದಿ ಯೋಚಿಸುವುದಿಲ್ಲ. ಸರಿಯಾದ ಕ್ರಮ ಹೀಗೆ: ಕೈಪಿಡಿಯಲ್ಲಿ ಒಟ್ಟು ಎಷ್ಟು ಲೀಟರ್ ಹಿಡಿಯುತ್ತದೆಂದು ನೋಡಿ, ಅದರ ಅರ್ಧದಷ್ಟು ಕಾನ್ಸಂಟ್ರೇಟನ್ನು ಮೊದಲು ಸುರಿಯಿರಿ. ಆಮೇಲೆ ಉಳಿದ ಜಾಗಕ್ಕೆ ಡಿಸ್ಟಿಲ್ಡ್ ನೀರು. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಓಡಿಸಿ, ಗಾಳಿಯ ಗುಳ್ಳೆ ಹೋಗಲಿ. ತಣ್ಣಗಾದ ಮೇಲೆ ಮಟ್ಟ ಮತ್ತೆ ನೋಡಿ. ಬೋರ್‌ವೆಲ್ ನೀರು ಬೇಡವೇ ಬೇಡ.

ಇಷ್ಟೆಲ್ಲ ಮಾಡಿಸಿದ ಗಾಡಿಯೂ ಮೇಲೆ ಹೋಗಿ ಕೈಕೊಡುವುದುಂಟು. ಕಾರಣ ದಾರಿಯಲ್ಲಿರುತ್ತದೆ. 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಅನಂತಪುರ, ಕರ್ನೂಲು, ಹೈದರಾಬಾದ್, ನಾಗಪುರ ದಾಟುವಷ್ಟರಲ್ಲಿ ಮಧ್ಯಾಹ್ನದ ಬಿಸಿಲು ಚಳಿಗಾಲದಲ್ಲೂ ಚುರುಕಾಗಿಯೇ ಇರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಬಾನೆಟ್ ಎತ್ತುತ್ತೀರಿ, ಮಟ್ಟ ಕೊಂಚ ಇಳಿದಿರುತ್ತದೆ, ಪಕ್ಕದಲ್ಲೇ ನಲ್ಲಿ. ಅಲ್ಲೊಂದು ಬಾಟಲಿ, ಝಾನ್ಸಿಯಲ್ಲೊಂದು ಬಾಟಲಿ. ಸಣ್ಣ ಕಾರಿನಲ್ಲಿ ಇರುವುದೇ ಐದಾರು ಲೀಟರ್. ಸೋರಿ ಹೋದದ್ದು ಗ್ಲೈಕಾಲ್ ಬೆರೆತದ್ದು, ತುಂಬಿದ್ದು ಬರೀ ನೀರು. ಮೈನಸ್ 37ರವರೆಗೆ ತಡೆಯುತ್ತಿದ್ದದ್ದು ಶಿಮ್ಲಾ ಮುಟ್ಟುವಷ್ಟರಲ್ಲಿ ಮೈನಸ್ 20ಕ್ಕೋ ಇನ್ನೂ ಮೇಲಕ್ಕೋ ಬಂದಿರುತ್ತದೆ. ಆದ್ದರಿಂದ ಊರಿನಿಂದಲೇ ಬೆರೆಸಿದ ಕೂಲಂಟ್ ಎರಡು ಲೀಟರ್ ಜೊತೆಗಿರಲಿ, ಇಳಿದ ಮಟ್ಟವನ್ನು ಅದರಿಂದಲೇ ತುಂಬಿಸಿ. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ತುಂಬಿಸುತ್ತಾ ಕೂರಬೇಡಿ, ಸೋರುವ ಜಾಗ ಹುಡುಕಿಸಿ. ಚಳಿಗೆ ಹೋಸ್ ಪೈಪಿನ ರಬ್ಬರ್ ಸೆಟೆದು ಕ್ಲಾಂಪಿನ ಬಳಿ ಸಡಿಲವಾಗುತ್ತದೆ. ಇಲ್ಲಿ ಬೆವರುವ ಪೈಪು ಅಲ್ಲಿ ಸುರಿಯುತ್ತದೆ. ಹೊರಡುವ ಮುಂಚೆ ಪ್ರತಿ ಪೈಪನ್ನೂ ಬೆರಳಲ್ಲಿ ಹಿಸುಕಿ ನೋಡಿ, ಮೆತ್ತಗಾಗಿದ್ದರೆ, ಬಿರುಕಿದ್ದರೆ ಬದಲಿಸಿ.

ಈಗ ಹೇಳುವುದನ್ನು ಮಾತ್ರ ಚೆನ್ನಾಗಿ ಮನಸ್ಸಿಗೆ ಹಾಕಿಕೊಳ್ಳಿ, ಇದು ಬುದ್ಧಿವಂತರನ್ನೂ ಗಲಿಬಿಲಿ ಮಾಡುತ್ತದೆ. ಹೊರಗೆ ಮೈನಸ್ 20. ಬೆಳಗ್ಗೆ ಗಾಡಿ ಚೆನ್ನಾಗಿಯೇ ಸ್ಟಾರ್ಟ್ ಆಯಿತು, ಹೊರಟಿರಿ. ಹತ್ತು ಹದಿನೈದು ನಿಮಿಷಕ್ಕೆ ಟೆಂಪರೇಚರ್ ಮುಳ್ಳು ಕೆಂಪಿಗೆ ಏರುತ್ತದೆ. ಇಷ್ಟು ಚಳಿಯಲ್ಲಿ ಎಂಜಿನ್ ಕಾಯುವುದೇ? ಕಾಯುತ್ತದೆ. ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಬಾಗಿಲು ಮುಚ್ಚಿರುತ್ತದೆ. ನೀರು ಎಂಜಿನ್ನಿನೊಳಗೆ, ಹೀಟರಿನೊಳಗೆ ಮಾತ್ರ ಸುತ್ತುತ್ತದೆ. ರೇಡಿಯೇಟರಿನಲ್ಲಿರುವ ನೀರು ನಿಂತಲ್ಲೇ ನಿಂತಿರುತ್ತದೆ, ಎದುರಿನಿಂದ ಗಾಡಿಯ ವೇಗದ ಗಾಳಿ ಅದಕ್ಕೆ ಬಡಿಯುತ್ತಿರುತ್ತದೆ. ಗ್ಲೈಕಾಲ್ ಕಡಿಮೆಯಿದ್ದರೆ ಅದು ಅಲ್ಲೇ ಹರಳುಗಟ್ಟಿ ಗಂಜಿಯಾಗುತ್ತದೆ. ಎಂಜಿನ್ 85, 90 ಡಿಗ್ರಿ ಮುಟ್ಟಿ ಥರ್ಮೋಸ್ಟಾಟ್ ತೆರೆದಾಗ ಮುಂದೆ ದಾರಿಯೇ ಇಲ್ಲ. ಒಂದು ಕಡೆ ಮಂಜು, ಅದರ ಮಗ್ಗುಲಲ್ಲೇ ಕುದಿಯುವ ನೀರು. ಬಾನೆಟ್ ಎತ್ತಿ ಮುಟ್ಟಿದರೆ ಮೇಲಿನ ಹೋಸ್ ಕೈ ಸುಡುತ್ತದೆ, ಕೆಳಗಿನದು ಕಲ್ಲಿನಂತೆ ಗಟ್ಟಿ, ತಣ್ಣಗೆ. ಈ ಹೊತ್ತಿನಲ್ಲಿ ಬೆಂಗಳೂರಿನ ಅಭ್ಯಾಸ ಹೇಳುತ್ತದೆ, ಬಿಸಿಯಾಗಿದೆ, ನೀರು ಹಾಕು ಎಂದು. ಹಾಕಬೇಡಿ. ಕ್ಯಾಪನ್ನೂ ತೆರೆಯಬೇಡಿ, ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ಆರಿಸಿ, ಮುಂದಿನ ಗ್ರಿಲ್‌ಗೆ ಕಂಬಳಿಯೋ ರಟ್ಟೋ ಒತ್ತಿ ಕಟ್ಟಿ, ಬಾನೆಟ್ ಮುಚ್ಚಿ ಕಾಯಿರಿ. ಎಂಜಿನ್ನಿನ ಶಾಖವೇ ನಿಧಾನವಾಗಿ ಮುಂದಕ್ಕೆ ಹರಿದು ಕರಗಿಸುತ್ತದೆ. ಕೆಳಗಿನ ಹೋಸ್ ಮೆತ್ತಗಾದ ಮೇಲೆ ಎಲ್ಲಾದರೂ ತೊಟ್ಟಿಕ್ಕುತ್ತಿದೆಯೇ ನೋಡಿ, ಆಮೇಲೆ ನಿಧಾನವಾಗಿ ಹತ್ತಿರದ ಊರಿಗೆ ಹೋಗಿ ಕೂಲಂಟ್ ಬಲಪಡಿಸಿ.

ನಮ್ಮ ಕಡೆಯ ಇನ್ನೊಂದು ಕೆಟ್ಟ ಚಾಳಿಯೂ ಇಲ್ಲೇ ಬಯಲಾಗುತ್ತದೆ. ಗಾಡಿ ಕಾಯುತ್ತದೆಂದು ಹೋದರೆ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವ ಮೆಕ್ಯಾನಿಕ್ಕುಗಳಿದ್ದಾರೆ. ಹೀಟರ್ ಕೊಳವೆ ಸೋರಿದರೆ, ಬೆಂಗಳೂರಿನಲ್ಲಿ ಹೀಟರ್ ಯಾರಿಗೆ ಬೇಕು ಸಾರ್ ಎಂದು ಬೈಪಾಸ್ ಮಾಡಿ ಕಳಿಸುತ್ತಾರೆ. ಇಲ್ಲಿ ನಡೆದುಹೋಗುತ್ತದೆ. ಅಲ್ಲಿ ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಎಷ್ಟು ದೂರ ಓಡಿದರೂ ಕಾವೇರುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಆಯಿಲ್ ಕೆಡುತ್ತದೆ, ಗಾಜಿನ ಮೇಲಿನ ಮಂಜು ಬಿಡುವುದಿಲ್ಲ. ಹೀಟರ್ ಇಲ್ಲದ ಕಾರಿನಲ್ಲಿ ಕೈಬೆರಳು ಮರಗಟ್ಟಿ ಗೇರ್ ಹಿಡಿಯಲಾಗುವುದಿಲ್ಲ. ಸೆಕೆಂಡ್‌ಹ್ಯಾಂಡ್ ಗಾಡಿ ಕೊಂಡವರು ಇವೆರಡೂ ಇವೆಯೇ ಎಂದು ಮೊದಲು ಪರೀಕ್ಷಿಸಿ. ಹೀಟರ್ ಹಾಕಿದರೆ ಬಿಸಿಗಾಳಿ ಬರಬೇಕು, ಹೊರಟ ಹತ್ತು ನಿಮಿಷದಲ್ಲಿ ಮುಳ್ಳು ಮಧ್ಯಕ್ಕೆ ಬಂದು ನಿಲ್ಲಬೇಕು.

ಎತ್ತರದಲ್ಲಿ ಇನ್ನೊಂದು ತೊಡಕಿದೆ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ತೆರೆದ ಪಾತ್ರೆಯಲ್ಲಿ ನೀರು 88 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ರಾತ್ರಿ ಹೆಪ್ಪುಗಟ್ಟುವ ಭಯ, ಹಗಲು ಘಾಟಿ ಏರುವಾಗ ಕುದಿಯುವ ಭಯ. ಗ್ಲೈಕಾಲ್ ಕುದಿಬಿಂದುವನ್ನೂ ಮೇಲೇರಿಸುತ್ತದೆ, ರೇಡಿಯೇಟರ್ ಕ್ಯಾಪು ಒಳಗೆ ಒತ್ತಡ ಹಿಡಿದು ಇನ್ನಷ್ಟು ಏರಿಸುತ್ತದೆ. ಕ್ಯಾಪಿನ ರಬ್ಬರ್ ಸೀಳಿದ್ದರೆ ಆ ರಕ್ಷಣೆ ಹೋಯಿತು. ಕೆಲವು ನೂರು ರೂಪಾಯಿಯ ಸಾಮಾನು, ಗುಮಾನಿ ಬಂದರೆ ಹೊಸದು ಹಾಕಿಸಿ.

ನಮ್ಮ ಕಾಲದಲ್ಲಿ ಕೂಲಂಟ್ ಸಿಗದ ಕಡೆ ಸಂಜೆ ಲಾರಿ ನಿಲ್ಲಿಸಿದ ಕೂಡಲೇ ರೇಡಿಯೇಟರಿನ ಡ್ರೈನ್ ಕಾಕ್, ಬ್ಲಾಕಿನ ಕಾಕ್ ಎರಡೂ ತೆರೆದು ನೀರೆಲ್ಲ ಬಿಡುತ್ತಿದ್ದೆವು. ಕಾಕ್ ಬಾಯಲ್ಲಿ ಕಸ ಕಟ್ಟಿ ನೀರು ನಿಂತರೆ ತಂತಿ ಆಡಿಸಿ ಬಿಡಿಸಬೇಕಿತ್ತು. ಸ್ಟೀರಿಂಗ್‌ಗೆ ನೀರಿಲ್ಲ ಎಂದು ಬರೆದ ರಟ್ಟು ಕಟ್ಟಬೇಕಿತ್ತು, ಯಾರೂ ಮರೆತು ಸ್ಟಾರ್ಟ್ ಮಾಡಬಾರದೆಂದು. ಬೆಳಗ್ಗೆ ಸೀಮೆಎಣ್ಣೆ ಸ್ಟವ್ ಮೇಲೆ ನೀರು ಕಾಯಿಸಿ ಉಗುರುಬೆಚ್ಚಗೆ ತುಂಬುವುದು. ಶಿಸ್ತಿನ ಕೆಲಸ ಅದು, ನೆನೆದರೆ ಈಗಲೂ ಹೆಮ್ಮೆ. ಆದರೆ ನಿಮ್ಮ ಈಗಿನ ಕಾರುಗಳಿಗೆ ಅದು ಹೊಂದುವುದಿಲ್ಲ. ಬಹಳಷ್ಟು ಕಾರುಗಳ ಬ್ಲಾಕಿಗೆ ಕೈಗೆಟುಕುವ ಕಾಕ್ ಇಲ್ಲ, ಹೀಟರಿನಲ್ಲಿ, ಪಂಪಿನ ತಳದಲ್ಲಿ ನೀರು ಉಳಿದುಬಿಡುತ್ತದೆ. ಲಾರಿಯವರು ಗ್ರಿಲ್‌ಗೆ ಗೋಣಿ ಕಟ್ಟುವುದನ್ನು ನೋಡಿ ನೀವೂ ಕಟ್ಟುವುದಾದರೆ ಪೂರ್ತಿ ಮುಚ್ಚಬೇಡಿ, ಮುಳ್ಳಿನ ಮೇಲೆ ಕಣ್ಣಿಡಿ, ಘಾಟಿ ಏರುವಾಗ ಬಿಚ್ಚಿ.

ರಾತ್ರಿ ಗಾಡಿಯನ್ನು ಗಾಳಿಗೆ ಮೂತಿಯಿಟ್ಟು ನಿಲ್ಲಿಸಬೇಡಿ, ಗೋಡೆಗೆ ಎದುರಾಗಿ ನಿಲ್ಲಿಸಿ. ಬೆಳಗ್ಗೆ ಸ್ಟಾರ್ಟರ್ ತಿರುಗಿದರೂ ಬೆಲ್ಟ್ ಕಿರುಚಿದರೆ ತಕ್ಷಣ ಆರಿಸಿ, ವಾಟರ್ ಪಂಪ್ ಮಂಜಲ್ಲಿ ಸಿಕ್ಕಿರಬಹುದು. ರೇಡಿಯೇಟರಿಗೆ ಕುದಿನೀರು ಸುರಿಯುವುದು, ಎಂಜಿನ್ ಅಡಿ ಬೆಂಕಿ ಹಾಕುವುದು, ಇವೆರಡನ್ನೂ ಸ್ಥಳೀಯರು ಮಾಡಿದರೂ ನೀವು ಮಾಡಬೇಡಿ. ಹೆಪ್ಪುಗಟ್ಟಬಾರದೆಂದು ರಾತ್ರಿಯಿಡೀ ಎಂಜಿನ್ ಚಾಲೂ ಇಟ್ಟು ಒಳಗೆ ಮಲಗುವುದಂತೂ ಸಾವನ್ನು ಕರೆದಂತೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಮುರ್ರಿಯಲ್ಲಿ ಹಿಮದಲ್ಲಿ ಸಿಕ್ಕಿಬಿದ್ದ ವಾಹನಗಳಲ್ಲಿ 20ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಹಲವರನ್ನು ಕೊಂದದ್ದು ಚಳಿಯಲ್ಲ, ಸೈಲೆನ್ಸರಿನ ವಿಷದ ಹೊಗೆ. ಹಿಮ ಸೈಲೆನ್ಸರ್ ಬಾಯಿ ಮುಚ್ಚಿದರೆ ಆ ಹೊಗೆ ಕಾರಿನೊಳಗೆ ನುಗ್ಗುತ್ತದೆ. ಅದರೊಳಗಿನ ವಿಷಾನಿಲಕ್ಕೆ ವಾಸನೆ ಇಲ್ಲ, ಎಚ್ಚರಿಸುವುದಿಲ್ಲ.

ಬೈಕಿನವರೇ, ಬುಲೆಟ್ಟಿಗೆ ರೇಡಿಯೇಟರ್ ಎಲ್ಲಿದೆ ಎಂಬ ಹಳೆಯ ನಿಶ್ಚಿಂತೆ ಈಗಿಲ್ಲ. ಹಳೆಯ ಹಿಮಾಲಯನ್ ಬೈಕು ಗಾಳಿ ಮತ್ತು ಆಯಿಲ್‌ನಿಂದ ತಣಿಯುತ್ತಿತ್ತು, 2023ರ ನವೆಂಬರಿನಲ್ಲಿ ಬಂದ ಹಿಮಾಲಯನ್ 450 ಕೂಲಂಟಿನಿಂದ ತಣಿಯುತ್ತದೆ. ಕೆಟಿಎಂ 390 ಅಡ್ವೆಂಚರ್ ಕೂಡ ಹಾಗೇ. ಎಲೆಕ್ಟ್ರಿಕ್ ಕಾರಿನವರಿಗೂ ವಿನಾಯಿತಿಯಿಲ್ಲ, ಬಹಳಷ್ಟು ಕಾರುಗಳಲ್ಲಿ ಬ್ಯಾಟರಿ ಸುತ್ತ ಹರಿಯುವುದೂ ಕೂಲಂಟೇ. ಅದನ್ನು ಕಂಪನಿಯವರೇ ಪರೀಕ್ಷಿಸಲಿ, ನೀವು ಕೈ ಹಾಕಬೇಡಿ. ಡೀಸೆಲ್ ಗಾಡಿಗಳ ಯೂರಿಯಾ ದ್ರವ ಮೈನಸ್ 11ಕ್ಕೇ ಗಟ್ಟಿಯಾಗುತ್ತದೆ, ವೈಪರ್ ನೀರು ಅದಕ್ಕೂ ಮೊದಲು. ಸಾಮಾನ್ಯ ಡೀಸೆಲ್ಲೂ ಮಂದವಾಗಿ ಫಿಲ್ಟರ್ ಕಟ್ಟುತ್ತದೆ. ಲಡಾಖಿಗೆಂದೇ ಮೈನಸ್ 33ರವರೆಗೆ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ತಂದಿದೆ. ಅಲ್ಲಿ ತುಂಬಿಸುವಾಗ ಅದನ್ನೇ ಕೇಳಿ.

ಮಾರೇನಹಳ್ಳಿಯಿಂದ ಕೆಲಸಕ್ಕೆ, ಓದಿಗೆ ಹೊರದೇಶ ಸೇರಿದವರಿಗೂ ಒಂದು ಮಾತು. ಕೆನಡಾದ ಎಡ್ಮಂಟನ್, ವಿನ್ನಿಪೆಗ್ ಕಡೆ ಕಾರುಗಳ ಮೂತಿಯಿಂದ ಒಂದು ಕರೆಂಟ್ ಪ್ಲಗ್ ನೇತಾಡುತ್ತಿರುತ್ತದೆ. ಅದು ಬ್ಲಾಕ್ ಹೀಟರ್, ಎಂಜಿನ್ನಿನ ನೀರನ್ನು ಬೆಚ್ಚಗಿಡುವ ಕಾಯಿಲ್. ಹೊರಡುವ ಎರಡು ಮೂರು ಗಂಟೆ ಮುಂಚೆ ಹಾಕಿದರೆ ಸಾಕು, ಒಂದು ಟೈಮರ್ ಇಟ್ಟುಕೊಳ್ಳಿ. ವೈರಿನ ಹೊದಿಕೆ ಚಳಿಗೆ ಸೀಳುತ್ತದೆ, ನೋಡಿಕೊಳ್ಳಿ. ಟೆಕ್ಸಾಸ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಹಳೆ ಕಾರು ಕೊಂಡು ಮಿನ್ನೆಸೋಟಾಕ್ಕೆ ಕೆಲಸ ಬದಲಿಸುವವರು ಎಲ್ಲರಿಗಿಂತ ಹೆಚ್ಚು ಎಚ್ಚರವಿರಬೇಕು. ಸೆಖೆ ನಾಡಿನಲ್ಲಿ ಓಡಿದ ಕಾರಿಗೆ ಹಿಂದಿನ ಮಾಲೀಕ ಏನು ಸುರಿದಿದ್ದಾನೋ, ಪರೀಕ್ಷಿಸದೆ ಉತ್ತರಕ್ಕೆ ಹೊರಡಬೇಡಿ.

ಇಳಿಸಿದ ಹಳೇ ಕೂಲಂಟನ್ನು ಬೀದಿಯ ಚರಂಡಿಗೆ ಚೆಲ್ಲುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಒಳಗೆ ಹೋದರೆ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಗ್ಯಾರೇಜಿನ ಮುಂದೆ ನಿಂತ ಹಸಿರು ನೀರನ್ನು ಬೀದಿನಾಯಿ ನೆಕ್ಕಿದರೆ ಅದರ ಕಥೆ ಮುಗಿಯಿತು, ಕೂಸು ನಾಲಗೆಗೆ ಹಚ್ಚಿದರೂ ಅಪಾಯ. ನಮ್ಮ ಪಶ್ಚಿಮ ಬೆಂಗಳೂರಿನ ಮೋರಿಗಳು ಸೇರುವುದು ವೃಷಭಾವತಿಯನ್ನು, ಅದು ಹರಿದು ಹೋಗುವುದು ಬೈರಮಂಗಲ ಕೆರೆಯತ್ತ. ಆ ನೀರಿಗೆ ನಾವು ಬೆರೆಸಿರುವ ವಿಷವೇ ಸಾಕು. ಹಳೆಯದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ಹಿಡಿದು, ಮೇಲೆ ವಿಷ ಎಂದು ಬರೆದು, ಹಳೇ ಆಯಿಲ್ ಜೊತೆ ಸಂಗ್ರಹಿಸುವ ಸರ್ವಿಸ್ ಸೆಂಟರಿಗೆ ಕೊಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ಮಾತ್ರ ಎಂದೂ ಇಡಬೇಡಿ.

ನನ್ನ ಹತ್ತಿರ ಒಂದು ರಿಫ್ರ್ಯಾಕ್ಟೋಮೀಟರ್ ಇದೆ, ಪೆನ್ನಿನಷ್ಟು ಉದ್ದದ್ದು. ರೇಡಿಯೇಟರಿನಿಂದ ಎರಡು ತೊಟ್ಟು ತೆಗೆದು ಅದರ ಗಾಜಿನ ಮೇಲಿಟ್ಟು, ಮುಚ್ಚಿ, ಬೆಳಕಿಗೆ ಹಿಡಿದು ಕಣ್ಣಿಟ್ಟರೆ ಒಳಗೆ ನೀಲಿ, ಬಿಳಿ ಎರಡು ಬಣ್ಣ ಕಾಣುತ್ತದೆ. ಅವೆರಡೂ ಸೇರುವ ಗೆರೆ ಯಾವ ಅಂಕಿಯ ಮೇಲಿದೆಯೋ ಅಷ್ಟು ಡಿಗ್ರಿಗೆ ನಿಮ್ಮ ಕೂಲಂಟ್ ಹೆಪ್ಪುಗಟ್ಟುತ್ತದೆ. ಮೈನಸ್ 35ರ ಹತ್ತಿರ ಇರಬೇಕು. ಹೊರಡುವವರು ಭಾನುವಾರ ಬೆಳಗ್ಗೆ ಗಾಡಿ ತನ್ನಿ, ನೋಡಿ ಹೇಳುತ್ತೇನೆ. ಎಂಜಿನ್ ಬಿಸಿಯಿದ್ದರೆ ಕ್ಯಾಪ್ ತೆರೆಯಲಾಗದು, ಆದ್ದರಿಂದ ಹಿಂದಿನ ರಾತ್ರಿಯೇ ತಂದು ನಮ್ಮ ಮನೆ ಮುಂದೆ ನಿಲ್ಲಿಸಿದರೂ ಆದೀತು. ಡಬ್ಬದ ಬಿಲ್ಲು, ಗಾಡಿಯ ಕೈಪಿಡಿ ಎರಡೂ ಜೊತೆಯಲ್ಲಿರಲಿ.